ಆಗಸ್ಟ್ ಹದಿನೈದಕ್ಕೆ ಹುಟ್ಟಿದವರು

ಕಂಪೌಂಡರ್ ಉದ್ದಪ್ಪನನ್ನು ಕಂಡರೆ ಆ ಶಾಲೆಯಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಅವನಿಗೂ ಯಾರನ್ನೂ ಕಂಡರೆ ಆಗುತ್ತಿರಲಿಲ್ಲವಾದ್ದರಿಂದ ಇದರಲ್ಲಿ ಯಾರಿಗೂ ಅನ್ಯಾಯವೇನೂ ಆಗಿರಲಿಲ್ಲ. ಹುಡುಗರು ಅವನಿಗೆ ‘ಅಯೋಡಿನ್’ ಎಂದು ಹೆಸರಿಟ್ಟಿದ್ದರು. ಹಚ್ಚಿದ ಕೂಡಲೇ ಉರಿಯುತ್ತದೆ ಎಂಬುದಕ್ಕೆ. ಗಾಯ ಮಾಯುವುದೂ ಅದರಿಂದಲೇ ಎಂದು ಹೇಳುವಷ್ಟು ದೊಡ್ಡ ಮನಸ್ಸು ಯಾರಿಗಿತ್ತು?

ಶಾಲೆ ಇದ್ದದ್ದು ಕೊಣ್ಣೂರಿನಾಚೆ, ಘಟಪ್ರಭೆಯ ದಂಡೆಯಲ್ಲಿ. ಸೈನ್ಯದಿಂದ ನಿವೃತ್ತರಾಗಿ ಬಂದ ಒಬ್ಬ ಮೇಜರ್ ಸಾಹೇಬರು ಸ್ವಾತಂತ್ರ್ಯ ಬಂದ ಮರುವರ್ಷವೇ ತಮ್ಮ ಕಬ್ಬಿನ ಹೊಲದ ತುದಿಗೆ ಅದನ್ನು ಕಟ್ಟಿಸಿದ್ದರು. ಹೊಸ ದೇಶಕ್ಕೆ ಹೊಸ ಆಫೀಸರುಗಳನ್ನು ತಯಾರಿಸಿಕೊಡುವುದು ಅವರ ಪಣ. ಬೆಳಿಗ್ಗೆ ಐದಕ್ಕೆ ಬಿಗಿಲು, ಆರಕ್ಕೆ ಕವಾಯತು, ನಡುವೆ ಗಣಿತ, ನಕಾಶೆ, ಇಂಗ್ಲಿಷು. ಇಲ್ಲಿಂದ ಹೊರಬಿದ್ದ ಹುಡುಗ ಪುಣೆಯಾಚೆಯ ಸೇನಾ ಅಕಾಡೆಮಿಗೇ ಹೋಗಬೇಕು. ಬೇರೆ ಆಸೆ ಇಟ್ಟುಕೊಂಡವನನ್ನು ಮೇಜರ್ ಸಾಹೇಬರು ‘ಪಳಪುಟ್ಟ’ ಎಂದು ಕರೆಯುತ್ತಿದ್ದರು, ಅಂದರೆ ರಣ ಬಿಟ್ಟು ಓಡುವವ. ಹನ್ನೆರಡು ವರ್ಷಗಳಲ್ಲಿ ಅಕಾಡೆಮಿಗೆ ಹೋದವರ ಸಂಖ್ಯೆ ಸೊನ್ನೆ. ಅದನ್ನು ಮಾತ್ರ ಅವರು ಯಾವ ಭಾಷಣದಲ್ಲೂ ಹೇಳುತ್ತಿರಲಿಲ್ಲ.

ಉದ್ದಪ್ಪ ಅಂಕಲಗಿಯ ಊರಾಚೆಯ ಕೇರಿಯವನು. ಯುದ್ಧ ಕಾಲದಲ್ಲಿ ಸೇನೆಯ ಆಸ್ಪತ್ರೆಯಲ್ಲಿ ಶುಶ್ರೂಷೆಯ ಕೆಲಸಕ್ಕೆ ಸೇರಿ ಬರ್ಮಾ ನೋಡಿ ಬಂದವನು. ಗುಂಡು ತಗಲಿದ ಕಾಲನ್ನು ಗರಗಸದಲ್ಲಿ ಕೊಯ್ಯುವಾಗ ಹಿಡಿದುಕೊಂಡು ನಿಂತಿದ್ದ. ಡಾಕ್ಟರ ಕೈ ಸಾಲದಾದಾಗ ಗೋರಾ ಸಿಪಾಯಿಗಳ ಹಲ್ಲನ್ನೂ ಕಿತ್ತಿದ್ದ. ಅಂಥವನು ಊರಿಗೆ ಬಂದರೆ, ಜ್ವರದಲ್ಲಿ ಬೇಯುತ್ತಿರುವ ಮನುಷ್ಯ ಕೂಡ ಇವನ ಕೈಯ ಗುಳಿಗೆ ನುಂಗಲು ಹಿಂದೆಮುಂದೆ ನೋಡುತ್ತಿದ್ದ. ಗೋರಾಗಳ ಬಾಯಿಗೆ ಆದ ಕೈ ಅಂಕಲಗಿಯ ಬಾಯಿಗೆ ಆಗಲಿಲ್ಲ. ಮೇಜರ್ ಸಾಹೇಬರು ಕೆಲಸ ಕೊಟ್ಟರು, ನಿಜ. ಅದು ಔದಾರ್ಯವೇನಲ್ಲ. ಆ ಪಗಾರಕ್ಕೆ ಬೇರೆ ಯಾರೂ ಬರುತ್ತಿರಲಿಲ್ಲ.

ಕಾಯಿಲೆ ಕೋಣೆಯೇ ಅವನ ರಾಜ್ಯ. ಡಾಕ್ಟರಾಗಬೇಕೆಂಬ ಆಸೆ ಇದ್ದ ಹುಡುಗರು ಕದ್ದುಮುಚ್ಚಿ ಅಲ್ಲಿಗೇ ಬರುತ್ತಿದ್ದರು. ಶಾಲೆಯಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡಬಹುದಾದ ಜಾಗ ಅದೊಂದೇ. ಬಂದವರಿಗೆ ಆರತಿ ಎತ್ತುವ ಪೈಕಿಯಲ್ಲ ಅವನು.

“ಡಾಕ್ಟರ ಆಗಬೇಕಂತೀ? ಯಾಕ? ಬಿಳಿ ಕೋಟ ಛಲೋ ಕಾಣತೈತಿ ಅಂತಲ್ಲ?”

“ಹಂಗಲ್ರಿ. ಮಂದಿ ಸೇವಾ ಮಾಡಬೇಕಂತ...”

“ಸೇವಾ! ಆ ಮೂಲ್ಯಾಗ ಬಕೀಟ ಐತಿ ನೋಡು. ಮುಂಜಾನಿಂದ ಎಂಟು ಹುಡುಗರು ವಾಂತಿ ಮಾಡ್ಯಾರ. ತೊಳದ ಬಾ. ಆಮ್ಯಾಲ ಸೇವಾದ ಮಾತ ಆಡೂಣು.”

ಹತ್ತರಲ್ಲಿ ಏಳು ಮಂದಿ ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಬಂದ ಮೂವರಿಗೆ ಬೈಯುತ್ತಲೇ ದಾರಿ ಹೇಳಿಕೊಡುತ್ತಿದ್ದ. ಇಲ್ಲಿ ಜೀವಶಾಸ್ತ್ರದ ಮಾಸ್ತರನಿಲ್ಲ, ಗೋಕಾಕದ ಒಬ್ಬ ಮಾಸ್ತರ ರವಿವಾರ ಕಲಿಸುತ್ತಾನೆ, ಅವನ ಕಾಲು ಹಿಡಿ. ಅರ್ಜಿಯನ್ನು ಟಪಾಲಿಗೆ ಹಾಕಬೇಡ, ಕೈಯಾರೆ ಕೊಟ್ಟು ಮುಟ್ಟಿದ ಸಹಿ ತಗೊ. ಸಂದರ್ಶನದಲ್ಲಿ ದೇಶಸೇವೆ ಅನ್ನಬೇಡ, ಎಲ್ಲ ಕಳ್ಳರೂ ಅದನ್ನೇ ಅನ್ನುತ್ತಾರೆ, ಕೀವು ತೊಳೆದಿದ್ದೇನೆ ಅನ್ನು. ಕೊನೆಗೊಂದು ಮಾತು ತಪ್ಪದೆ ಹೇಳುತ್ತಿದ್ದ: “ಸುಳ್ಳ ಬರೀಬ್ಯಾಡ್ರಿ. ಜ್ವರ ನೂರಾಮೂರ ಇದ್ದರ ನೂರಾಮೂರ ಬರೀರಿ. ತೊಂಬತ್ತೆಂಟ ಅಂತ ಬರದರ ಜ್ವರ ಇಳಿಯೂದಿಲ್ಲ, ಮನಷ್ಯಾ ಕುಣ್ಯಾಗ ಇಳೀತಾನ.”

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಈ ಸತ್ಯವಂತನೇ ಹಿಂದೊಮ್ಮೆ ಸುಳ್ಳು ಬರೆದು ಕೂತಿದ್ದ.

ಪ್ರವೇಶಕ್ಕೆ ಬಂದ ಹುಡುಗರ ತೂಕ, ಎದೆಯ ಸುತ್ತಳತೆ, ಹುಟ್ಟಿದ ತಾರೀಖು ಬರೆದುಕೊಳ್ಳುವುದು ಅವನ ಕೆಲಸವಾಗಿತ್ತು. ಹನ್ನೊಂದೂವರೆ ದಾಟಿದವರಿಗೆ ಪ್ರವೇಶವಿಲ್ಲ ಎಂಬುದು ಶಾಲೆಯ ಕಟ್ಟಳೆ. ಪಟ್ಟಣದ ವಕೀಲರ ಮಕ್ಕಳಿಗೆ ಅದು ಸರಿ. ಆಡು ಕುರಿ ಕಾಯ್ದು, ಕಳೆ ಕಿತ್ತು, ಊರಿನ ಶಾಲೆಗೆ ವರ್ಷಕ್ಕೆ ನಾಲ್ಕು ತಿಂಗಳು ಹೋದ ಹುಡುಗ ಅಷ್ಟರೊಳಗೆ ಇಲ್ಲಿಗೆ ಹೇಗೆ ಬಂದಾನು? ಅಂಥವರಿಗೆ ಉದ್ದಪ್ಪ ಎರಡು ವರ್ಷ ಕಡಿಮೆ ಬರೆಯುತ್ತಿದ್ದ. ತಾರೀಖು ಗೊತ್ತಿಲ್ಲದ ಮಕ್ಕಳಿಗೆ ಎಲ್ಲ ಮಾಸ್ತರರೂ ಜೂನ್ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಉದ್ದಪ್ಪನಿಗೆ ಅದು ಸಪ್ಪೆ ಅನಿಸಿತು. ದೇಶಕ್ಕೆ ಬಿಡುಗಡೆಯಾದ ದಿನವೇ ಇವರೂ ಹುಟ್ಟಲಿ ಎಂದು ಎಲ್ಲರಿಗೂ ಆಗಸ್ಟ್ ಹದಿನೈದನ್ನೇ ಬರೆದ. ಹೀಗೆ ಆಗಸ್ಟ್ ಹದಿನೈದಕ್ಕೆ ಹುಟ್ಟಿದವರು ಆ ರಜಿಸ್ಟರಿನಲ್ಲಿ ಎಂಟು ಮಂದಿ ಆದರು.

ಅವರಲ್ಲಿ ಇಬ್ಬರು ಐವತ್ತನಾಲ್ಕರ ಜೂನಿನಲ್ಲಿ ಒಂದೇ ದಿನ ಬಂದವರು. ಒಬ್ಬ ಉದ್ದಪ್ಪನ ತಂಗಿ ರಾಯವ್ವನ ಮಗ ಲಗಮಣ್ಣ. ರಾಯವ್ವ ಗಂಡ ಸತ್ತ ಮೇಲೆ ಕಬ್ಬು ಕಡಿದು ಮಗನನ್ನು ಸಾಕಿದವಳು. ಇನ್ನೊಬ್ಬ ಹುಕ್ಕೇರಿ ಕಡೆಯ ಕಣಗಲಾದ ಕುರುಬರ ಹುಡುಗ ಶಿದ್ರಾಮ. ಅವನನ್ನು ಕರೆತಂದವಳು ಅಜ್ಜಿ ಹಣಮವ್ವ. ವಯಸ್ಸು ಕೇಳಿದರೆ ಆಕೆ, “ನಮ್ಮ ಹಿಂಡು ಸಡಕಿನ ಬಾಜೂದ ಹೊಲದಾಗ ಗೊಬ್ಬರಕ್ಕ ಕೂತಿತ್ತ, ಆಗ ಹುಟ್ಯಾನ. ಅದಾದಮ್ಯಾಲ ಹದಿಮೂರನೇ ಸುಗ್ಗಿ ಇದು. ನಂಬಿಕಿ ಇಲ್ಲಂದ್ರ ಬಾಯಿ ತಗಿಸಿ ಹಲ್ಲ ನೋಡು” ಅಂದಳು. ಕುರಿಯ ವಯಸ್ಸು ಹಲ್ಲಿನಲ್ಲಿ, ಮನುಷ್ಯನದೂ ಹಾಗೆಯೇ ಎಂಬುದು ಅವಳ ಶಾಸ್ತ್ರ. ಪ್ರವೇಶದ ಚೀಟಿಯನ್ನು ಮಾತ್ರ ಉದ್ದಪ್ಪನ ಕೈಯಿಂದ ಇಸಿದುಕೊಳ್ಳಲಿಲ್ಲ. ಮೇಜಿನ ಮೇಲೆ ಇಡಿಸಿ, ಅಲ್ಲಿಂದ ಎತ್ತಿಕೊಂಡಳು. ಉದ್ದಪ್ಪ ಹಲ್ಲು ಕಚ್ಚಿ ಇಬ್ಬರಿಗೂ ಸಾವಿರದ ಒಂಬೈನೂರ ನಲವತ್ಮೂರು, ಆಗಸ್ಟ್ ಹದಿನೈದು ಎಂದು ಬರೆದ.

ಶಿದ್ರಾಮ ಬಕೀಟಿಗೆ ಹೆದರಲಿಲ್ಲ. ಎರಡನೆಯ ದಿನವೂ ಬಂದ, ಆರು ವರ್ಷವೂ ಬಂದ. ಅವನ ಆಸೆಯೂ ವಿಚಿತ್ರದ್ದೇ. ಹಲ್ಲಿನ ಡಾಕ್ಟರಾಗಬೇಕಂತೆ. ಕೇಳಿದವರೆಲ್ಲ ನಕ್ಕರು. ಬೇವಿನ ಕಡ್ಡಿ ಪುಕ್ಕಟೆ ಸಿಗುವ ಸೀಮೆಯಲ್ಲಿ ಹಲ್ಲಿಗೂ ಒಬ್ಬ ಡಾಕ್ಟರೇ? ಉದ್ದಪ್ಪ ನಗಲಿಲ್ಲ. ಹಲ್ಲುನೋವಿನಲ್ಲಿ ಹವಾಲ್ದಾರರು ಅಮ್ಮನನ್ನು ಕರೆದು ಅಳುವುದನ್ನು ಅವನು ನೋಡಿದ್ದ. ಬೆಂಗಳೂರಿನಲ್ಲಿ ದಂತ ಕಾಲೇಜು ಹೊಸದಾಗಿ ಶುರುವಾಗಿದೆ ಎಂದು ಪತ್ತೆ ಮಾಡಿ, ತಾನೇ ಅರ್ಜಿ ತರಿಸಿಕೊಟ್ಟ.

ಅರವತ್ತರ ಜೂನಿನಲ್ಲಿ ಆ ಅರ್ಜಿಯನ್ನು ಹಿಡಿದು ಶಿದ್ರಾಮ ಬಂದು ನಿಂತ.

“ಜುಲೈ ಒಂದಕ್ಕ ಹದಿನೇಳ ತುಂಬಿರಬೇಕಂತ್ರಿ.”

ಉದ್ದಪ್ಪ ಬೆರಳು ಮಡಚಿದ. ಕಾಗದದ ಮೇಲೆ ಹುಡುಗನಿಗೆ ಹದಿನೇಳು ತುಂಬುವುದು ಆಗಸ್ಟ್ ಹದಿನೈದಕ್ಕೆ. ಒಂದೂವರೆ ತಿಂಗಳು ಕಡಿಮೆ. ಎಲ್ಲರಂತೆ ಜೂನ್ ಒಂದು ಎಂದು ಬರೆದಿದ್ದರೆ ಸೀಟು ಕೈಯಲ್ಲಿರುತ್ತಿತ್ತು. ಖರೆ ವಯಸ್ಸು ಬರೆದಿದ್ದರಂತೂ ಕೇಳುವುದೇ ಬೇಡ, ಹುಡುಗನಿಗೆ ಆಗಲೇ ಹದಿನೆಂಟು ದಾಟಿತ್ತು. ಮುಂದಿನ ವರ್ಷ ನೋಡೋಣ ಅನ್ನುವಂತೆಯೂ ಇರಲಿಲ್ಲ. ಹಿಂದುಳಿದವರ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಅವನ ಹೆಸರು ಬಂದದ್ದು ಈ ವರ್ಷಕ್ಕೆ ಮಾತ್ರ. ಅದಿಲ್ಲದೆ ಬೆಂಗಳೂರು ಅವನಿಗೆ ಚಂದ್ರಲೋಕ.

ಉಳಿದ ದಾರಿ ಒಂದೇ. ‘ತಾರೀಖು ಸುಳ್ಳು, ಬರೆದವನು ನಾನೇ’ ಎಂದು ಉದ್ದಪ್ಪ ಗೋಕಾಕದ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಬೇಕು. ಆಮೇಲೆ ಸರ್ಕಾರಿ ಡಾಕ್ಟರು ಹಲ್ಲು, ಎಲುಬು ನೋಡಿ ವಯಸ್ಸು ಬರೆದುಕೊಡುತ್ತಾರೆ.

ಸುದ್ದಿ ಮೇಜರ್ ಸಾಹೇಬರಿಗೆ ಮುಟ್ಟಿತು. ಉದ್ದಪ್ಪನನ್ನು ಕರೆಸಿ, ಕೂಡ್ರು ಎನ್ನದೆ ಮಾತಾಡಿದರು.

“ಈ ವರ್ಷ ಅಕಾಡೆಮಿ ಪರೀಕ್ಷಾದಾಗ ನಮ್ಮ ಸಾಲಿಯಿಂದ ಇಬ್ಬರು ಪಾಸಾಗ್ಯಾರ. ಒಬ್ಬ ಈ ಕುರುಬರ ಹುಡುಗ, ಇನ್ನೊಬ್ಬ ನಿನ್ನ ಅಳಿಯ. ಅಲ್ಲಿ ಹದಿನೇಳೂವರಿ ದಾಟಿರಬಾರದು. ಇಬ್ಬರ ತಾರೀಖೂ ಒಂದ, ಬರದ ಕೈನೂ ಒಂದ. ನೀ ಒಬ್ಬಂದ ಸುಳ್ಳ ಅಂತ ಕೋರ್ಟಿನ್ಯಾಗ ಅಂದಿ ಅಂದ್ರ, ಇನ್ನೊಬ್ಬಂದ ನಾನ ಅಕಾಡೆಮಿಗೆ ಬರದ ತಿಳಿಸಬೇಕಾಗತೈತಿ. ವಿಚಾರ ಮಾಡು.”

ಉದ್ದಪ್ಪ ವಿಚಾರ ಮಾಡಲೇ ಇಲ್ಲ. ವಿಚಾರ ಮಾಡುವಂಥದ್ದು ಏನಿತ್ತು? ಕೇರಿಯಿಂದ ಒಬ್ಬ ಆಫೀಸರು. ಯಾರ ಹಿತ್ತಲಲ್ಲಿ ರಾಯವ್ವ ಕೆಲಸ ಮಾಡಿ ಹೊರಗೆ ನಿಂತು ರೊಟ್ಟಿ ಇಸಿದುಕೊಂಡಳೋ, ಅವರ ಮುಂದೆ ಅವಳ ಮಗ ಬೂಟು ಹಾಕಿಕೊಂಡು ನಡೆಯುತ್ತಾನೆ. ಅದನ್ನು ಕಳೆದುಕೊಳ್ಳಬೇಕು, ಯಾರಿಗಾಗಿ? ತನ್ನ ಕೈಯ ಚೀಟಿಯನ್ನೂ ಮುಟ್ಟದವಳ ಮೊಮ್ಮಗನಿಗಾಗಿ. “ಆಗೂದಿಲ್ಲ” ಎಂದು ಶಿದ್ರಾಮನ ಮುಖಕ್ಕೆ ಹೇಳಿಬಿಟ್ಟ. ಹುಡುಗ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ.

ಮೂರನೆಯ ದಿನ ಮಧ್ಯಾಹ್ನ ಹಣಮವ್ವ ಬಂದಳು. ಕಣಗಲಾದಿಂದ ಘಟಪ್ರಭಾದವರೆಗೆ ಬಸ್ಸು, ಅಲ್ಲಿಂದ ನಡಿಗೆ. ಶಾಲೆಯ ಹಿಂದಿನ ಉದ್ದಪ್ಪನ ಖೋಲಿಯ ಹೊಸ್ತಿಲ ಮೇಲೆ ಕೂತು, ಒಳಗೆ ಗೋಡೆಗಿದ್ದ ಬುದ್ಧನ ಪಟವನ್ನು ನೋಡಿದಳು.

“ಉದ್ದಪ್ಪಾ, ಬಾಯಿ ಆರೇತಿ. ನೀರ ಕೊಡು.”

ಅವನಿಗೆ ಮೈಯೆಲ್ಲ ಉರಿಯಿತು. “ಆರು ವರ್ಷದಾಗ ನಿನಗ ಇವತ್ತ ನೀರಡಿಕಿ ಆತೇನಬೇ?”

“ಇವತ್ತ ಆತು. ಕೊಡು.”

ಅವನು ತಂಬಿಗೆ ತಂದು, ಮೇಜಿನ ಮೇಲೆ ಇಡದೆ ಕೈಗೇ ಕೊಟ್ಟ. ಮುದುಕಿ ಮೇಲೆತ್ತಿ ಸುರಿದುಕೊಳ್ಳಲಿಲ್ಲ. ತುಟಿ ಹಚ್ಚಿ ತಳ ಕಾಣುವವರೆಗೆ ಕುಡಿದಳು. ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ನೀರ ಕೇಳಿದಿ, ಕೊಟ್ಟೆ. ಸಹಿ ಕೇಳಬ್ಯಾಡ” ಅಂದ ಉದ್ದಪ್ಪ.

“ನನ್ನ ಮೊಮ್ಮಗನ ಎರಡು ವರ್ಷ ಕದಿ ಅಂತ ನಿನಗ ಯಾರ ಹೇಳಿದ್ರು? ಕುರಿ ಕದ್ದಾಂವ ಸೈತ ಸಿಕ್ಕಮ್ಯಾಲ ತಿರುಗಿ ಹೊಡಕೊಂಡ ಬಂದ ಬಿಡತಾನ.”

“ನಾ ಕದೀದಿದ್ರ ನಿನ್ನ ಮೊಮ್ಮಗ ಈ ಸಾಲಿ ಹೊಸ್ತಿಲ ದಾಟತಿದ್ದಿಲ್ಲ!”

“ದಾಟದಿದ್ರ ಹಿಂಡಿನ ಬೆನ್ನ ಹತ್ತತಿದ್ದ. ಈಗ ಅತ್ತ ಹಿಂಡಿಗೂ ಆಗೂದಿಲ್ಲ, ಇತ್ತ ಸಾಲಿಗೂ ಆಗೂದಿಲ್ಲ. ಮೂರು ದಿನದಿಂದ ಕೂಳ ಮುಟ್ಟಿಲ್ಲ ಅಂವ. ಒಂದು ತಂಬಿಗಿ ನೀರ ಕುಡದ್ರ ನೀ ಕರಗತಿ ಅಂತ ಬಂದಿದ್ದೆ. ನೀನೂ ನಮ್ಮಷ್ಟ ಕಲ್ಲ ಅದಿ.”

ಎದ್ದು ಹೋದಳು. ಅವಳು ಹೋದ ಮೇಲೆ ತಂಬಿಗೆಯನ್ನು ಉದ್ದಪ್ಪ ಎರಡು ಸಲ ತೊಳೆದ. ಯಾಕೆ ತೊಳೆದೆ ಎಂದು ತನ್ನ ಮೇಲೆಯೇ ಸಿಟ್ಟು ಬಂದು ಅದನ್ನು ಅಂಗಳಕ್ಕೆ ಎಸೆದ.

ಅಂಕಲಗಿಯಲ್ಲಿ ರಾಯವ್ವ ಆಗಲೇ ಕಬ್ಬಿಣದ ಟ್ರಂಕು ಕೊಂಡಿದ್ದಳು. ಕೇರಿಯ ಹೆಂಗಸರಿಗೆಲ್ಲ ಅದರ ಕೀಲಿ ತೆಗೆದು, ಹಾಕಿ ತೋರಿಸುತ್ತಿದ್ದಳು. ಲಗಮಣ್ಣ ಕನ್ನಡಿಯ ಮುಂದೆ ನಿಂತು ಬೆನ್ನು ನೆಟ್ಟಗೆ ಮಾಡುತ್ತಿದ್ದ. ಅವನಿಗೆ ತನ್ನ ವಯಸ್ಸಿನ ಗುಟ್ಟು ಗೊತ್ತೇ ಇರಲಿಲ್ಲ. ಉದ್ದಪ್ಪ ಹೋಗಿ ನೋಡಿ ಬಂದ.

ಇಷ್ಟಕ್ಕೆ ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ಗೆದ್ದವನಿಗೆ ಬಾಯಿ ಮುಚ್ಚಿಕೊಂಡಿರುವುದು ಬಲು ಕಷ್ಟ. ಅದೇ ವಾರ ಮೇಜರ್ ಸಾಹೇಬರು ಕಾಯಿಲೆ ಕೋಣೆಗೆ ತಾವಾಗಿ ಬಂದರು, ಸ್ಟೂಲಿನ ಮೇಲೆ ಕೂತರು, ಉದ್ದಪ್ಪನ ಬೆನ್ನು ತಟ್ಟಿದರು.

“ಶಹಾಬಾಸ್. ನಿನಗ ಬುದ್ಧಿ ಐತಿ. ಆ ಆಗಸ್ಟ್ ಹದಿನೈದು ನಾ ಈಗ ನೋಡೇನಿ ಅಂತ ತಿಳದಿಯೇನು? ಆರು ವರ್ಷದ ಹಿಂದನ ನೋಡೇನಿ. ಬೇಕಂತ ಬಿಟ್ಟೇನಿ.”

ಉದ್ದಪ್ಪ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟ. ಸಾಹೇಬರು ಮುಂದುವರಿಸಿದರು.

“ನಿನ್ನ ಅಳಿಯ ಲೆಫ್ಟಿನೆಂಟ ಆಗಲಿ, ಕರ್ನಲ್ ಆಗಲಿ, ಆ ರಜಿಸ್ಟರ ನನ್ನ ಕಪಾಟಿನ್ಯಾಗ ಇರತೈತಿ. ನಾ ಬಾ ಅಂದ್ರ ಬರಬೇಕು, ಕೂಡ್ರು ಅಂದ್ರ ಕೂಡ್ರಬೇಕು. ನಿಮ್ಮ ಕೇರ್‍ಯಾಗಿಂದ ಆಫೀಸರ ಆಗೂದಕ್ಕ ನಂದೇನೂ ತಕರಾರಿಲ್ಲ. ಹಗ್ಗ ನಮ್ಮ ಕೈಯಾಗ ಇದ್ರ ಸಾಕು.”

ನಗುತ್ತಲೇ ಹೇಳಿದರು, ನಗುತ್ತಲೇ ಎದ್ದು ಹೋದರು. ಅವರಿಗೆ ಅದು ಬೈಗುಳವೆಂದು ಅನಿಸಿರಲೂ ಇಲ್ಲ.

ಉದ್ದಪ್ಪ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಗೋಕಾಕಕ್ಕೆ ಹೋದ. ತಂಗಿಗೆ ಹೇಳಲಿಲ್ಲ, ಅಳಿಯನಿಗೆ ಹೇಳಲಿಲ್ಲ, ಶಿದ್ರಾಮನಿಗೂ ಹೇಳಲಿಲ್ಲ. ಇದನ್ನು ಕೇಳಿ ಯಾರಾದರೂ ಅವನನ್ನು ಹರಿಶ್ಚಂದ್ರನ ಪಕ್ಕಕ್ಕೆ ಕೂಡಿಸಲು ಹೊರಟರೆ ಸ್ವಲ್ಪ ತಾಳಬೇಕು. ಧರ್ಮ ಅವನನ್ನು ಬಸ್ಸು ಹತ್ತಿಸಲಿಲ್ಲ, ಸಿಟ್ಟು ಹತ್ತಿಸಿತು. ಖರೆ ಹೇಳುವುದಕ್ಕೆ ಪುಣ್ಯಾತ್ಮನೇ ಆಗಿರಬೇಕೆಂದಿಲ್ಲ, ಪಿತ್ತ ನೆತ್ತಿಗೇರಿದವನೂ ಹೇಳಬಹುದು.

ಕೋರ್ಟಿನಲ್ಲಿ ಬರವಣಿಗೆಯವನು ಕೇಳಿದ: “ಹುಡುಗನ ಹೆಸರು?”

“ಇಬ್ಬರ ಹೆಸರ ಬರಕೋರಿ” ಅಂದ ಉದ್ದಪ್ಪ. “ಶಿದ್ರಾಮಂದೂ ಸುಳ್ಳ, ಲಗಮಣ್ಣಂದೂ ಸುಳ್ಳ. ಇಬ್ಬರಿಗೂ ಹದಿನೆಂಟ ದಾಟೇತಿ.”

“ಲಗಮಣ್ಣ ಯಾರು?”

“ನನ್ನ ತಂಗಿ ಮಗ.”

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಅವನನ್ನು ನೋಡಿದರು. ಎರಡನೆಯ ಹೆಸರನ್ನು ಯಾರೂ ಕೇಳಿಯೇ ಇಲ್ಲವಲ್ಲ ಅಂದರು. ಒಬ್ಬನದೇ ಬರೆಸಿದ್ದರೆ ಇನ್ನೊಬ್ಬನ ಕೊರಳಿನ ಹಗ್ಗ ಮೇಜರರ ಕೈಯಲ್ಲಿ ಉಳಿಯುತ್ತಿತ್ತು, ಅವರು ಎಳೆದಾಗೆಲ್ಲ ಹುಡುಗ ಬಾಗಬೇಕಾಗುತ್ತಿತ್ತು. ಅದನ್ನು ಆ ಕೋರ್ಟಿಗೆ ಹೇಗೆ ಬಿಡಿಸಿ ಹೇಳುವುದು? ಉದ್ದಪ್ಪ ಸಹಿ ಮಾಡಿದ.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಸರ್ಕಾರಿ ಡಾಕ್ಟರು ಶಿದ್ರಾಮನ ಬಾಯಿ ತೆರೆಸಿ, ಒಳದವಡೆಯಲ್ಲಿ ಮೂಡಿದ್ದ ಬುದ್ಧಿಹಲ್ಲನ್ನು ಮುಟ್ಟಿ ನೋಡಿ, ಹದಿನೆಂಟು ಮೀರಿದೆ ಎಂದು ಬರೆದುಕೊಟ್ಟರು. ಹಣಮವ್ವನ ಶಾಸ್ತ್ರಕ್ಕೆ ಸರ್ಕಾರದ ಮೊಹರು ಬಿತ್ತು. ಸೀಟು ಸಿಕ್ಕಿತು. ಮೇಜರ್ ಸಾಹೇಬರು ಉದ್ದಪ್ಪನನ್ನು ಅದೇ ದಿನ ಕೆಲಸದಿಂದ ತೆಗೆದರು. ಲಗಮಣ್ಣನ ವಿಷಯವನ್ನು ಅಕಾಡೆಮಿಗೆ ಬರೆದು ತಮ್ಮ ಪ್ರಾಮಾಣಿಕತೆ ಮೆರೆದರು. ರಜಿಸ್ಟರಿನಲ್ಲಿ ಉಳಿದ ಆರು ಹುಡುಗರ ಆಗಸ್ಟ್ ಹದಿನೈದು ಸದ್ದಿಲ್ಲದೆ ಜೂನ್ ಒಂದಾಯಿತು.

ಬೆಂಗಳೂರಿಗೆ ಹೋಗುವ ಮುಂಚೆ ಶಿದ್ರಾಮ ಅಂಕಲಗಿಗೆ ಬಂದು ಕಾಲು ಮುಟ್ಟಲು ಬಾಗಿದ. ಉದ್ದಪ್ಪ ಕಾಲು ಹಿಂದಕ್ಕೆಳೆದುಕೊಂಡ.

“ನಿನ್ನ ಸಲುವಾಗಿ ಮಾಡಿಲ್ಲೋ. ಹೋಗು. ಇನ್ನೊಮ್ಮಿ ಈ ಓಣ್ಯಾಗ ಕಾಲಿಡಬ್ಯಾಡ.”

ಲಗಮಣ್ಣ ಹದಿನೈದು ದಿನ ಮಾತಾಡಲಿಲ್ಲ. ಹದಿನಾರನೆಯ ದಿನ ಬೆಳಗಾವಿಗೆ ಹೋಗಿ ಸಾದಾ ಸಿಪಾಯಿಯಾಗಿ ಹೆಸರು ಹಚ್ಚಿ ಬಂದ. ಆ ಕೆಲಸಕ್ಕೆ ಅವನ ಖರೆ ವಯಸ್ಸು ಸರಿಯಾಗಿಯೇ ಇತ್ತು. ಬಂದು ಉದ್ದಪ್ಪನ ಎದುರು ಕೂತ. ಮೇಜರರ ಹಗ್ಗದ ಮಾತನ್ನು ಅಷ್ಟರಲ್ಲಿ ಉದ್ದಪ್ಪನೇ ಅವನಿಗೆ ತಿಳಿಸಿದ್ದ.

“ಒಂದ ಮಾತ ನನ್ನ ಕೇಳಬೇಕಿತ್ತ, ಮಾಮಾ.”

“ಕೇಳಿದ್ರ ನೀ ಬ್ಯಾಡ ಅಂತಿದ್ದಿ.”

“ಅಂತಿದ್ದೆನೋ ಇಲ್ಲೋ, ನಿಮಗೇನ ಗೊತ್ತ? ಮೇಜರಂದ್ರೂ ಅಷ್ಟ, ನೀವಂದ್ರೂ ಅಷ್ಟ. ನನ್ನ ಹಗ್ಗ ನಿಮ್ಮಿಬ್ಬರ ಕೈಯಾಗ ಆಡತು. ನನ್ನ ಕೈಯಾಗ ಯಾರೂ ಕೊಡಲಿಲ್ಲ.”

ಹುಡುಗ ಹೇಳಿದ್ದು ನಿಜ ಎಂದು ಉದ್ದಪ್ಪನಿಗೆ ತಿಳಿಯಿತು. ತಿಳಿದು, ಆ ನಿಜದ ಮೇಲೂ ಸಿಟ್ಟು ಬಂತು.

ಹೊರಡುವ ದಿನ ಘಟಪ್ರಭಾ ಸ್ಟೇಶನ್ನಿಗೆ ಮೂವರೂ ಹೋದರು. ರಾಯವ್ವ ಅಷ್ಟು ದಿನವೂ ಅಣ್ಣನ ಜೊತೆ ಒಂದು ಮಾತೂ ಆಡಿರಲಿಲ್ಲ. ಗಾಡಿ ಬಂತು. ಲಗಮಣ್ಣ ಏರಿ ಕಿಟಕಿಯ ಹತ್ತಿರ ನಿಂತ. ಪ್ಲಾಟ್‌ಫಾರ್ಮಿನ ಮೇಲೆ ಒಬ್ಬ ಆಫೀಸರು ಹೋಗುತ್ತಿದ್ದ, ಇವನಿಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ಗಾಡಿಯಲ್ಲಿದ್ದ ಹೊಸ ಸಿಪಾಯಿಗಳು ತಟ್ಟನೆ ನೆಟ್ಟಗಾಗಿ ಹಣೆಗೆ ಕೈ ಹಚ್ಚಿದರು. ಅವರನ್ನು ನೋಡಿ ಲಗಮಣ್ಣನೂ ಹಚ್ಚಿದ. ಆಫೀಸರು ಇತ್ತ ನೋಡದೆಯೇ ನಡೆದುಹೋದ.

ಗಾಡಿ ಬಿಟ್ಟ ಮೇಲೆ ರಾಯವ್ವ ಅಣ್ಣನ ಕಡೆ ತಿರುಗಿದಳು.

“ಸಲಾಮ ತಗೊಳ್ಳಾಂವ ಇದ್ದ ನನ್ನ ಮಗ. ಹೊಡಿಯಾಂವನ ಮಾಡಿದಿ.”